ಅತಿಥಿಗಳಿಗೆ ಮಲ್ಲಿಗೆ, ಅಡುಗೆಮನೆಗೆ ಕವ್ವಾಲಿ

ಹೊರದೇಶದಲ್ಲಿ ನಾಲ್ಕು ಕನ್ನಡ ಸಂಸಾರಗಳು ಶನಿವಾರದ ಊಟಕ್ಕೆ ಕೂಡಿದರೆ ಮೊದಲು ಮನೆ ಸಾಲದ ಬಡ್ಡಿ, ಆಮೇಲೆ ವೀಸಾ, ಆಮೇಲೆ ಮಕ್ಕಳ ಗಣಿತದ ಟ್ಯೂಷನ್ ಮಾತಿಗೆ ಬರುತ್ತವೆ. ಮೂರೂ ಮುಗಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಮತ್ತೇನ್ರಿ, ಈಗ ಮನ್ಯಾಗ ಯಾವ ಹಾಡು ಕೇಳ್ಲಕತ್ತೀರಿ?’ ಬೇರೆಯವರಿಗೆ ಇದು ಲೋಕಾಭಿರಾಮದ ಮಾತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಹೋಗಿ ಡಲ್ಲಾಸಿನಲ್ಲೋ ದುಬೈಯಲ್ಲೋ ಮನೆ ಮಾಡಿದವನಿಗೆ ಮಾತ್ರ ಇಮಿಗ್ರೇಷನ್ ಕೌಂಟರಿನ ಪ್ರಶ್ನೆ ಇದಕ್ಕಿಂತ ಸಲೀಸು. ಅವನು ಒಂದು ಗಳಿಗೆ ತಡೆದು, ಹೆಂಡತಿಯ ಮುಖ ನೋಡಿ, ‘ಭಾವಗೀತೆ ನೋಡ್ರಿ, ಅಶ್ವತ್ಥ್ ಅವರ ಮೈಸೂರ ಮಲ್ಲಿಗೆ’ ಅನ್ನುತ್ತಾನೆ. ಕೂತವರೆಲ್ಲ ತಲೆದೂಗುತ್ತಾರೆ. ಉತ್ತರ ಸುಳ್ಳೇನಲ್ಲ, ಆ ಆಲ್ಬಮ್ಮು ಅವನ ಫೋನಿನಲ್ಲಿ ಇದ್ದೇ ಇದೆ. ಆದರೆ ಅದು ಹಾಜರಿ ಪುಸ್ತಕದಲ್ಲಿ ಹಾಕಿದ ರುಜು. ಅವನ ಕಿವಿ ಯಾವ ಊರಿನದು ಎಂದು ತಿಳಿಯಬೇಕಾದರೆ ಅತಿಥಿಗಳ ಕಾರು ಓಣಿ ದಾಟಿದ ಮೇಲೆ ಪಾತ್ರೆ ತೊಳೆಯುತ್ತ ಅವನು ಹಚ್ಚುವ ಹಾಡು ಕೇಳಬೇಕು. ಅಲ್ಲಿ ಉರ್ದು ಬರುತ್ತದೆ, ತೆಲುಗು ಬರುತ್ತದೆ, ನಡುವೆ ಒಂದು ಮರಾಠಿ ಅಭಂಗವೂ ನುಸುಳುತ್ತದೆ. ಬಚ್ಚಿಟ್ಟು ಕೇಳುವ ಆ ಪಟ್ಟಿಯೇ ಅವನ ಸೀಮೆಯ ಅಸಲಿ ಕನ್ನಡದ ಪಟ್ಟಿ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ರೈಲು ಹಳಿ. ಮುಂಬಯಿಯಿಂದ ಮದ್ರಾಸಿಗೆ ಹೋಗುವ ದಾರಿ ಶಹಾಬಾದ್ ದಾಟಿ ವಾಡಿಗೆ ಬರುತ್ತದೆ. ನಿಜಾಮರ ಕಾಲಕ್ಕೆ, 1874ರಲ್ಲಿ, ವಾಡಿಯಿಂದ ಎಳೆದ ಇನ್ನೊಂದು ದಾರಿ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದ್ ಮುಟ್ಟುತ್ತದೆ. ಇಲ್ಲಿನವರಿಗೆ ಮದುವೆ ಬಟ್ಟೆ, ದೊಡ್ಡ ದವಾಖಾನೆ, ಸಿನಿಮಾ ಎಲ್ಲಕ್ಕೂ ಹೈದರಾಬಾದ್. ಈಗ ಅಮೆರಿಕಕ್ಕೆ ವಿಮಾನ ಹತ್ತುವುದಕ್ಕೂ ಅದೇ. ಮೈಸೂರು ರಾಜ್ಯಕ್ಕೆ ಈ ನೆಲ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು, ನಿಜಾಮರ ಆಳ್ವಿಕೆಯಲ್ಲಿ, ಕಚೇರಿ ಉರ್ದುವಿನಲ್ಲಿ, ಸಂತೆ ಕನ್ನಡದಲ್ಲಿ, ಗಡಿಯಾಚೆಯ ಬೀಗರ ಜೊತೆಗಿನ ಜಗಳ ತೆಲುಗಿನಲ್ಲಿ ನಡೆದಿತ್ತು. ವಾಡಿ, ಶಹಾಬಾದಿನ ಸಿಮೆಂಟ್ ಕಾರ್ಖಾನೆಗಳಿಗೆ ದುಡಿಯಲು ಬಂದವರು ತಮ್ಮ ತಮ್ಮ ಹಾಡನ್ನೂ ಕಟ್ಟಿಕೊಂಡೇ ಬಂದರು. ರೇಡಿಯೋ ಸಿಲೋನಿನಲ್ಲಿ 1952ರಿಂದ ಅಮೀನ್ ಸಯಾನಿ ಬಿನಾಕಾ ಗೀತಮಾಲಾ ನಡೆಸಿಕೊಟ್ಟಾಗ ಅದನ್ನು ಅರ್ಥ ಮಾಡಿಕೊಳ್ಳಲು ಈ ಊರುಗಳಲ್ಲಿ ಯಾರಿಗೂ ಹಿಂದಿ ಪರೀಕ್ಷೆ ಕಟ್ಟುವ ಪ್ರಸಂಗ ಬರಲಿಲ್ಲ. ಇಂಥ ಕಡೆ ಬೆಳೆದ ಕಿವಿಗೆ ಒಂದೇ ಭಾಷೆಯ ಆಲ್ಬಮ್ಮು ಸಾಕಾದರೆ ಅದನ್ನು ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ಹಾಗಾದರೆ ಆ ಅಡುಗೆಮನೆ ಪಟ್ಟಿಯಲ್ಲಿ ಏನಿದೆ? ಅಜೀಜ್ ನಾಜಾನ ಕವ್ವಾಲಿ ಇದೆ. ಮೆಹದಿ ಹಸನ್ ಇದ್ದಾರೆ. ಅವರು ಯಾವ ದೇಶದವರು ಎಂಬ ಪ್ರಶ್ನೆ ಎದ್ದಾಗ ಸ್ವಲ್ಪ ಸಣ್ಣ ದನಿಯಲ್ಲಿ ಇದ್ದಾರೆ. ಭೀಮಸೇನ ಜೋಶಿಯವರ ದಾಸರ ಪದ ಇದೆ, ಅದರ ಬೆನ್ನಿಗೇ ಅವರ ಅಭಂಗ. ಘಂಟಸಾಲರ ಭಗವದ್ಗೀತೆ ಇದೆ, ಇದರದ್ದೇ ಒಂದು ಫಜೀತಿ. ಸೇಡಂ ಮನೆಯ ಅಜ್ಜಿಗೆ ಅದು ಬೆಳಗಿನ ಭಕ್ತಿ. ಆದರೆ ತೆಲುಗು ನಾಡಿನಲ್ಲಿ ಸಾವಿನ ಮನೆಯ ಮುಂದೆ ಅದನ್ನು ಹಚ್ಚುವ ರೂಢಿ ಬಲವಾಗಿದೆ. ಅಟ್ಲಾಂಟಾದ ಅಪಾರ್ಟ್‌ಮೆಂಟಿನಲ್ಲಿ ಅಜ್ಜಿ ಬೆಳಿಗ್ಗೆ ಏಳಕ್ಕೆ ಅದನ್ನು ಹಚ್ಚಿದರೆ ಪಕ್ಕದ ಮನೆಯ ಗುಂಟೂರಿನವರು ಕೈಕಟ್ಟಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುವ ಸಂಭವ ಇದ್ದೇ ಇದೆ. ಅದಕ್ಕೇ ಸೊಸೆ ವಾಲ್ಯೂಮ್ ಇಳಿಸುತ್ತಾಳೆ; ಅಜ್ಜಿ ಅದನ್ನು ನಾಸ್ತಿಕತನ ಎಂದು ತಿಳಿಯುತ್ತಾರೆ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಬರುವುದು ಮಲ್ಲಿಗೆ ಪಕ್ಷದಿಂದ. ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆ ಮೈಸೂರಿನವರ ಸ್ವತ್ತೇ? ವಾಡಿಯವನು ಅದನ್ನು ಕೇಳಿದರೆ ತಪ್ಪೇನು? ತಪ್ಪು ಎಳ್ಳಷ್ಟೂ ಇಲ್ಲ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಅದೇ ಅಶ್ವತ್ಥ್ ಅವರು 1990ರಲ್ಲಿ ಸಿನಿಮಾಕ್ಕೆ ಸಂಗೀತ ಕೊಟ್ಟು ಶಿಶುನಾಳ ಷರೀಫರನ್ನು ದಕ್ಷಿಣದವರ ದಿವಾನಖಾನೆಗೆ ಕರೆತಂದು ಕೂರಿಸಿದರು. ರಘು ದೀಕ್ಷಿತ್ ಷರೀಫರ ಪದಕ್ಕೆ ಗಿಟಾರ್ ಕಟ್ಟಿ ಲಂಡನ್ ತನಕ ಒಯ್ದರು. ಹಾಡಿನ ಓಡಾಟ ಎರಡೂ ಕಡೆಗೆ ಇದೆ. ನನ್ನ ತಕರಾರು ಕೇಳುವುದರ ಬಗ್ಗೆ ಅಲ್ಲ, ಹೇಳುವುದರ ಬಗ್ಗೆ. ಊರಲ್ಲಿದ್ದಾಗ ಮೈಸೂರ ಮಲ್ಲಿಗೆಯನ್ನೂ ಕವ್ವಾಲಿಯನ್ನೂ ಒಂದೇ ಟೇಪಿನ ಎ ಬದಿ ಬಿ ಬದಿಯಲ್ಲಿ ತುಂಬಿಸಿಕೊಂಡವನು, ಅಟ್ಲಾಂಟಿಕ್ ದಾಟಿದ ಕೂಡಲೇ ಬಿ ಬದಿ ತನ್ನದಲ್ಲ ಎಂಬಂತೆ ನಡೆಯುವುದು ಯಾಕೆ? ಹೊರನಾಡಿನಲ್ಲಿ ಕನ್ನಡಿಗರ ಸಂಖ್ಯೆ ಕಡಿಮೆ. ಇದ್ದಷ್ಟು ಜನ ಒಂದೇ ತರಹ ಕಾಣಬೇಕೆಂಬ ಆತುರ ಜಾಸ್ತಿ. ‘ಮುಂಗಾರು ಮಳೆ’ ನೋಡಿ. 2006ರ ಕೊನೆಗೆ ಬಂದ ಆ ಸಿನಿಮಾಕ್ಕೆ ಸಂಗೀತ ಕೊಟ್ಟ ಮನೋಮೂರ್ತಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು. ಅಲ್ಲಿಂದ ಬಂದ ಮಳೆಯಲ್ಲಿ ನೆನೆದು ಹೊರದೇಶದ ಕನ್ನಡ ಮನೆಗಳೆಲ್ಲ ತಾಯ್ನಾಡನ್ನು ನೆನೆದು ಅತ್ತವು, ಅದರಲ್ಲಿ ಚಿತ್ತಾಪುರದವನೂ ಅತ್ತ. ಬೇಸಿಗೆಯಲ್ಲಿ 44 ಡಿಗ್ರಿ ಬಿಸಿಲಿಗೆ ಶಹಾಬಾದ್ ಫರ್ಶಿಯ ಮೇಲೆ ಬರಿಗಾಲಿಡಲಾರದೆ ಕುಣಿದವನು ಜೋಗದ ತುಂತುರಿಗೆ ಊರು ನೆನಪಾಯಿತು ಅಂದರೆ, ಹಾಡಿನ ಶಕ್ತಿ ದೊಡ್ಡದೆಂದು ಒಪ್ಪಲೇಬೇಕು.

ಎರಡನೆಯದು ಹೆತ್ತವರ ಆಕ್ಷೇಪ, ಸ್ವಲ್ಪ ಗಂಭೀರ. ಮಕ್ಕಳಿಗೆ ಕನ್ನಡ ಬರುವುದೇ ಕಷ್ಟ. ಅದರೊಳಗೆ ಉರ್ದು ತೆಲುಗು ಬೆರೆಸಿದರೆ ಶುದ್ಧ ಕನ್ನಡ ಕೆಡುವುದಿಲ್ಲವೇ? ಆ ಮಕ್ಕಳು ಈ ಹೊತ್ತಿನಲ್ಲಿ ಮಹಡಿಯ ಮೇಲೆ ಬಾಗಿಲು ಹಾಕಿಕೊಂಡು ಕೊರಿಯನ್ ಹಾಡಿಗೆ ಅಕ್ಷರ ತಪ್ಪದೆ ದನಿಗೂಡಿಸುತ್ತಿದ್ದಾರೆ ಎಂಬುದನ್ನು ಮೊದಲು ಗಮನಕ್ಕೆ ತರಬೇಕು. ಸಿಯೋಲಿನ ಭಾಷೆ ಜೀರ್ಣಿಸಿಕೊಂಡ ಕಿವಿ ತಾಂಡೂರಿನದಕ್ಕೆ ಕೆಡುತ್ತದೆಯೇ? ಇನ್ನು ಶುದ್ಧಿಯ ಮಾತು. ಸೇಡಂ ತಾಲೂಕಿನ ಮಳಖೇಡ ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ದಂಡೆಯ ಅರಸನಾದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡ ಒಂದಲ್ಲ, ಹಲವು. ಆ ಬಗೆಬಗೆಯ ಕನ್ನಡಗಳ ದೋಷ ಎಣಿಸುತ್ತ ಕೂತರೆ ವಾಸುಕಿಯೂ ಬೇಸತ್ತಾನು ಎಂಬರ್ಥದ ಮಾತು ಆ ಗ್ರಂಥದಲ್ಲೇ ಇದೆ. ವಾಸುಕಿ ಕೈಚೆಲ್ಲಿದ ಕೆಲಸವನ್ನು ಮಳಖೇಡದ ಪಕ್ಕದೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರು ನ್ಯೂಜೆರ್ಸಿಯಲ್ಲಿ ಕೂತು ಭಾನುವಾರದ ಕನ್ನಡ ಶಾಲೆಯ ಹೆಸರಲ್ಲಿ ಮುಂದುವರಿಸುವುದು ನೋಡಲಿಕ್ಕೆ ಚಂದ ಇರುತ್ತದೆ. ಮಗ ‘ಬರ್ಲಕತ್ತೀನಿ’ ಅಂದರೆ ತಿದ್ದುತ್ತಾನೆ. ತಾನು ಅಮ್ಮನಿಗೆ ಫೋನು ಹಚ್ಚಿದ ತಕ್ಷಣ ‘ಯವ್ವಾ, ಉಂಡೇನು?’ ಅನ್ನುತ್ತಾನೆ.

ಮೂರನೆಯ ಆಕ್ಷೇಪಕ್ಕೆ ನಾನೂ ಅರ್ಧ ತಲೆಬಾಗುತ್ತೇನೆ. ಈ ಸೀಮೆಯ ಜೀವದ ಹಾಡುಗಳೆಂದರೆ ತತ್ವಪದ ಮತ್ತು ಮೊಹರಮ್ಮಿನ ರಿವಾಯತ್ ಪದ. ಅವಕ್ಕೆ ಆಲ್ಬಮ್ಮು ಎಲ್ಲಿದೆ? ಕಡಕೋಳ ಮಡಿವಾಳಪ್ಪನವರ ಪದವನ್ನು ಭಜನೆಯವರು ಏಕತಾರಿ, ತಾಳ, ದಮ್ಮಡಿ ಹಿಡಿದು ಇಡೀ ರಾತ್ರಿ ಹಾಡುತ್ತಾರೆ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿಯುತ್ತಾರೆ, ನಡುವೆ ಚಹಾ ಬರುತ್ತದೆ, ಅರ್ಥದ ಬಗ್ಗೆ ಜಗಳವೂ ಆಗುತ್ತದೆ. ಅದನ್ನು ನಾಲ್ಕು ನಿಮಿಷಕ್ಕೆ ಕತ್ತರಿಸಿ ಇಯರ್‌ಫೋನಿಗೆ ಹಾಕಿದರೆ ಉಳಿಯುವುದು ಕಡಿಮೆ. ಇಷ್ಟು ಒಪ್ಪಿದೆ. ಆದರೆ ಫೋನು ಬಂದ ಮೇಲೆ ಇದಕ್ಕೂ ಒಂದು ದಾರಿಯಾಗಿದೆ. ಊರ ಹುಡುಗನೊಬ್ಬ ಮೊಹರಂ ಕತಲ್ ರಾತ್ರಿ ಜನರ ನಡುವೆ ನಿಂತು ಹಿಡಿದ ನಲವತ್ತು ನಿಮಿಷದ ರೆಕಾರ್ಡಿಂಗ್ ಸೌದಿಗೂ ಸಿಯಾಟಲ್‌ಗೂ ಒಟ್ಟಿಗೇ ಮುಟ್ಟುತ್ತದೆ. ಹಲಗಿ ಬಡಿತಕ್ಕೆ ಮೈಕು ಒಡೆದ ದನಿ ಮಾಡುತ್ತದೆ. ಪದದ ಮೂರನೆಯ ನುಡಿಗೆ ಮೋಟರ್ ಸೈಕಲ್ ಹಾರ್ನ್. ನಾಲ್ಕನೆಯದಕ್ಕೆ ಹಾಡು ತಡೆದು ಒಬ್ಬರು, ಇಂಥವರ ಮಗ ಇಂಥವರಿಂದ ಐನೂರಾ ಒಂದು ರೂಪಾಯಿ ಎಂದು ಕೂಗುತ್ತಾರೆ. ಸಂಗೀತ ಬಲ್ಲವರು ಇದನ್ನು ದೋಷ ಅನ್ನುತ್ತಾರೆ. ಸಿಯಾಟಲ್ಲಿನಲ್ಲಿ ಕೇಳುವವನು ಮಾತ್ರ ಪದವನ್ನು ಓಡಿಸಿ, ಆ ಐನೂರಾ ಒಂದನ್ನು ಎರಡು ಸಲ ಕೇಳುತ್ತಾನೆ: ಅವನ ಕ್ಲಾಸ್‌ಮೇಟು ಹೋದ ವರ್ಷ ಬರೀ ನೂರಾ ಒಂದು ಕೊಟ್ಟಿದ್ದ, ಈಗ ತೊಗರಿಗೆ ರೇಟು ಬಂದಿದೆ ಅಂತ ಕಾಣುತ್ತದೆ. ಇದಕ್ಕಿಂತ ನಿಜವಾದ ಆಲ್ಬಮ್ಮನ್ನು ಯಾವ ಕಂಪನಿ ಮಾಡಿಕೊಡುತ್ತದೆ?

ಆದರೂ ಶನಿವಾರದ ಊಟದಲ್ಲಿ ಇದರ ಹೆಸರು ಬರುವುದಿಲ್ಲ. ಮಡಿವಾಳಪ್ಪನವರ ಶಿಷ್ಯರಲ್ಲೊಬ್ಬರು ಚನ್ನೂರಿನ ಜಲಾಲ್ ಸಾಹೇಬರು. ಮಠದವರಿಗೂ ದರ್ಗಾದವರಿಗೂ ಒಂದೇ ಭಜನೆ ಸಾಲುತ್ತಿದ್ದ ಸೀಮೆ ಇದು ಎಂದು ಹೇಳಹೊರಟರೆ ಪಾಯಸ ಆರಿಹೋಗುತ್ತದೆ ಎಂಬ ಅಳುಕು ಇರಬಹುದು. 2000ನೇ ಇಸವಿಯಲ್ಲಿ ಫೀನಿಕ್ಸಿನಲ್ಲಿ ಶುರುವಾದ ‘ಅಕ್ಕ’ ಕನ್ನಡ ಸಮ್ಮೇಳನದಂಥ ದೊಡ್ಡ ವೇದಿಕೆಯಲ್ಲಿ ಈ ಪದಗಳನ್ನು ಹಾಡಿಸಬಾರದೇ ಅನ್ನುವವರೂ ಇದ್ದಾರೆ. ವೇದಿಕೆಯಲ್ಲಿ ತಂಡಕ್ಕೆ ಸಿಗುವುದು ನಿಮಿಷಗಳ ಲೆಕ್ಕ. ತತ್ವಪದದವರು ಅಷ್ಟರಲ್ಲಿ ಗುರುವಿನ ಹೆಸರು ಹೇಳಿ ಏಕತಾರಿಯ ಶ್ರುತಿ ಸರಿಮಾಡಿಕೊಂಡಿರುತ್ತಾರೆ. ಅದಕ್ಕೆ ಬೇಕಾದದ್ದು ಒಂದು ಬೇಸ್‌ಮೆಂಟು, ಒಂದು ದೊಡ್ಡ ಪಾತ್ರೆ ಚಹಾ, ಮರುದಿನ ಕೆಲಸವಿಲ್ಲದ ಎಂಟು ಜನ. ಅಮೆರಿಕದಲ್ಲಿ ಅಂಥ ರಾತ್ರಿ ಥ್ಯಾಂಕ್ಸ್‌ಗಿವಿಂಗ್ ದಿನ ಸಿಗುತ್ತದೆ. ಆದರೆ ಆ ರಾತ್ರಿ ಎಂಟೂ ಜನ, ಮರುದಿನದ ಸೇಲಿಗೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅರ್ಧ ಬೆಲೆಗೆ ಸ್ಪೀಕರು ಹೊಡೆಯಬೇಕೆಂದು ಬೇಗ ಮಲಗಿರುತ್ತಾರೆ.