ಸೊನ್ನೆ ಬಿಲ್ಲಿನ ಲೋಕಮತ

ವೈಶಾಖದ ಉರಿಬಿಸಿಲಿನಲ್ಲಿ, ಕೆಂಪುಬಾಳೆಯನ್ನು ಕಲಬುರಗಿಯ ಪೇಟೆಯಲ್ಲಿ ಮಾರಿ, ಬರಿದಾದ ಬುಟ್ಟಿಯನ್ನು ಮಗ್ಗುಲಲ್ಲಿರಿಸಿಕೊಂಡು ಕಮಲಾಪುರದ ಬಸ್ಸಿಗಾಗಿ ಕಾಯುತ್ತಿದ್ದ ಗೌಡರಿಗೆ, ನಿವೃತ್ತ ಮಾಸ್ತರರು ಸಮಸ್ತ ರಾಷ್ಟ್ರಗಳ ಹವಾಮಾನನೀತಿಯನ್ನು, ಅವರು ಕೇಳದಿದ್ದರೂ, ಬೋಧಿಸತೊಡಗಿದರು.

“ಗೌಡರೇ, 2015ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ರಾಷ್ಟ್ರಗಳು ಭೂತಾಪವನ್ನು ತಡೆಯಲು ಸಮ್ಮತಿಸಿದವು, ನಮ್ಮ ದೇಶವೂ ಫ್ರಾನ್ಸೂ ಕೂಡಿ ಅಲ್ಲಿಯೇ ಅಂತಾರಾಷ್ಟ್ರೀಯ ಸೌರ ಒಕ್ಕೂಟವನ್ನು ಘೋಷಿಸಿದವು.”

“ಛಲೋ ಆತು. ಆಮ್ಯಾಲ?”

“2018ರಲ್ಲಿ ಅದೇ ಫ್ರಾನ್ಸಿನ ಸರಕಾರವು ಇಂಧನದ ತೆರಿಗೆಯನ್ನೇರಿಸಹೊರಡಲು, ಪ್ರಜೆಗಳು ಹಳದಿ ಅಂಗಿ ತೊಟ್ಟು ಬೀದಿಗಿಳಿದರು, ಏರಿಕೆಯನ್ನು ಕೈಬಿಡಬೇಕಾಯಿತು. ಅಮೆರಿಕವಂತೂ ಅಧ್ಯಕ್ಷರು ಬದಲಾದಂತೆ 2020ರಲ್ಲಿ ಒಪ್ಪಂದದಿಂದ ಹೊರಬಿದ್ದು, 2021ರಲ್ಲಿ ಮರಳಿ ಒಳಸೇರಿತು.”

“ಅಂದ್ರ ಮಾಸ್ತರ್ರೇ, ಭೂಮಿ ತಂಪಾಗಬೇಕು, ಖರೆ, ಬಿಲ್ ಮಾತ್ರ ಬಾಜೂ ಮನಿಯವ್ರು ಕಟ್ಟಬೇಕು.”

“ಅದನ್ನೇ ಪ್ರಾಜ್ಞರು ಲೋಕಮತವೆಂಬರು.”

“ನಮ್ಮೂರಾಗೂ ಅದ ಬಿಡ್ರಿ. ಪಂಪ್‌ಸೆಟ್ಟಿನ ಕರೆಂಟು ಪುಕ್ಕಟೆ. ಮನಿಗೆ 2023ರಿಂದ 200 ಯೂನಿಟ್ ತನಕ ಪುಕ್ಕಟೆ. ಸೋಲಾರಿನವ ಬಂದು, ಮಾಳಗಿ ಮ್ಯಾಲ ಪ್ಯಾನೆಲ್ ಹಾಕಸ್ರಿ, ಬಿಲ್ ಸೊನ್ನಿ ಆಗ್ತದ ಅಂದ. ಈಗೇ ಸೊನ್ನಿ ಅದಲ್ಲೋ ತಮ್ಮಾ ಅಂದೆ. ಚಹಾ ಕುಡದು ಹೋದ.”

“ಹಾಗಾದರೆ ಸೌರಶಕ್ತಿಯ ವಿಷಯದಲ್ಲಿ ತಮ್ಮ ಅಭಿಪ್ರಾಯ?”

“ಸೂರ್ಯನ ಮ್ಯಾಲ ನಮಗೇನು ತಕರಾರಿಲ್ರಿ. ಆದ್ರ ಬಾಳಿಗೆ ಹಗಲಾಗ ನೀರು ಬಿಡ್ಲಿಕ್ಕೆ ಕರೆಂಟು ಕೊಡೋದಾದ್ರ, ನಾಳೇನೇ ಸಹಿ ಹಾಕ್ತೀನಿ.”

ಪ್ಯಾರಿಸ್ಸಿನ ದಸ್ತಾವೇಜುಗಳಲ್ಲಿ ದೊರೆಯದ ಈ ಷರತ್ತನ್ನು, ಮುಂದಿನ ಸಮ್ಮೇಳನಕ್ಕೆ ವಿಮಾನವೇರುವ ಮಹನೀಯರು ಮೊದಲೊಮ್ಮೆ ಕಮಲಾಪುರದ ಬಸ್ಸನ್ನೇರಿ ಕೇಳಿ ಬರುವುದು ಲೇಸು.