ಪೋರ್ಟಬಲ್ ಸಾರ್

"ನಾಳೆ ಕ್ಲೈಂಟು ಒರಾಕಲ್ಲೇ ಬೇಕು ಅಂದ್ರೆ ಏನ್ರೀ ಮಾಡ್ತೀರಾ?"

ಈ ಒಂದು ಪ್ರಶ್ನೆ ಕೇಳುವುದಕ್ಕೆಂದೇ ಹುಟ್ಟಿದವರು ನಮ್ಮ ಪೋರ್ಟಬಲ್ ಸಾರ್. ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಮಾರ್ಕರ್ ಪೆನ್ನು, ಹುದ್ದೆ ಆರ್ಕಿಟೆಕ್ಟ್. ಅಪ್ಲಿಕೇಷನ್ ಓಡುವುದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ. ಇವರು ಬರೆಸುವ ಕೋಡು ಮಾತ್ರ ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಪೋಸ್ಟ್‌ಗ್ರೆಸ್ ಎಲ್ಲದರ ಮೇಲೂ ಓಡಬೇಕು. ವರ್ಗಾವಣೆ ಆದೇಶ ಬಂದೀತೆಂದು ಪಾತ್ರೆ ಪಗಡವನ್ನೆಲ್ಲ ಮೂಟೆ ಕಟ್ಟಿಟ್ಟು ಒಂದೇ ಲೋಟದಲ್ಲಿ ಸಂಸಾರ ನಡೆಸುವ ಗುಮಾಸ್ತರ ಮನೆಯಂತಿದೆ ನಮ್ಮ ಪ್ರಾಜೆಕ್ಟು.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ಹತ್ತು ಸಾಲು ತರಲು ಕ್ವೆರಿಯಲ್ಲಿ 'ಲಿಮಿಟ್ 10' ಎಂದು ಬರೆದಳು. ಸಾರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ಲಿಮಿಟ್ ಅಂದ್ರೆ ಎಸ್‌ಕ್ಯೂಎಲ್ ಸರ್ವರ್‌ಗೆ ಅರ್ಥವಾಗಲ್ಲಮ್ಮಾ, ಅಲ್ಲಿ ಟಾಪ್. ಹಳೇ ಒರಾಕಲ್ಲಲ್ಲಿ ರೋನಮ್."

"ಹಾಗಾದ್ರೆ ಏನ್ ಬರೀಲಿ ಸಾರ್?"

"ಏನೂ ಬರೀಬೇಡ. ಎಲ್ಲ ಸಾಲೂ ತಂದುಬಿಡು. ಹತ್ತನ್ನ ನಾವೇ ಎಣಿಸ್ಕೊಳ್ಳೋಣ."

ಅಂದಿನಿಂದ ಹತ್ತು ಸಾಲು ತೋರಿಸಲು ಲಕ್ಷ ಸಾಲು ಇಳಿದು ಬರುತ್ತವೆ. ಪೇಜು ತೆರೆಯುವಷ್ಟರಲ್ಲಿ ಕೆಳಗೆ ಹೋಗಿ ಟೀ ಕುಡಿದು ಬರಬಹುದು. ಬರುತ್ತೇವೆ ಕೂಡ.

ಒರಾಕಲ್‌ನಲ್ಲಿ ಎರಡು ಉದ್ದಗೀಟು ಎಳೆದರೆ ಪದಗಳು ಜೋಡಿಯಾಗುತ್ತವೆ. ಮೈಎಸ್‌ಕ್ಯೂಎಲ್ ಅದನ್ನೇ 'ಅಥವಾ' ಎಂದು ಓದಿಕೊಂಡು ಸೊನ್ನೆ ಕೈಗಿಡುತ್ತದೆ. ಹಾಗಾಗಿ ಅದೂ ನಿಷಿದ್ಧ. ಟೇಬಲ್ಲಿನ ಹೆಸರು 30 ಅಕ್ಷರ ದಾಟುವಂತಿಲ್ಲ. ಒರಾಕಲ್ ಆ ಮಿತಿಯನ್ನು ಸಡಿಲಿಸಿ ವರ್ಷಗಳೇ ಆದವು, ಸಾರ್ ಸಡಿಲಿಸಿಲ್ಲ. ಇವರ ಪಾಲಿಗೆ 1992ರ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡೇ ವೇದ, ಆಮೇಲೆ ಬಂದದ್ದೆಲ್ಲ ಪ್ರಕ್ಷಿಪ್ತ.

ನಗಬೇಡಿ, ಆ 'ನಾಳೆ' ನಿಜಕ್ಕೂ ಬಂತು. ಕ್ಲೈಂಟು ಒರಾಕಲ್ ಕೇಳಿದ. ಸಾರ್ ಇಡೀ ಟೀಮಿಗೆ ಮಸಾಲೆ ದೋಸೆ ಕೊಡಿಸಿದರು. ಕ್ವೆರಿಗಳೆಲ್ಲ ಒಂದೇ ಏಟಿಗೆ ಓಡಿದವು, ಅದನ್ನು ಒಪ್ಪಲೇಬೇಕು. ಗಾಡಿ ನಿಂತದ್ದು ಗ್ರಾಹಕರ ಹೆಸರಿನಲ್ಲಿ. ನಮ್ಮ ಕಡೆ ಸರ್‌ನೇಮ್ ಇಲ್ಲದವರು ಬೇಕಾದಷ್ಟು ಜನ. ಅಂಥವರ ಆ ಕಾಲಮ್ಮು ಖಾಲಿ ಇರುತ್ತಿತ್ತು. ಮೈಎಸ್‌ಕ್ಯೂಎಲ್‌ಗೆ ಖಾಲಿಯೂ ಒಂದು ಉತ್ತರವೇ. ಒರಾಕಲ್ ಮಾತ್ರ ಖಾಲಿಯನ್ನು 'ನಲ್', ಅಂದರೆ ಉತ್ತರವೇ ಇಲ್ಲ, ಎಂದೇ ಲೆಕ್ಕ ಹಿಡಿಯುತ್ತದೆ. ಆ ಕಾಲಮ್ಮಿಗೆ 'ನಾಟ್ ನಲ್' ಎಂದು ಕಡ್ಡಾಯ ಮಾಡಿಸಿದ್ದವರು ಸ್ವತಃ ಸಾರೇ. ಬಸವರಾಜ, ಮಂಜುಳಾ, ಎಲ್ಲರೂ ಬಾಗಿಲಿಂದಲೇ ವಾಪಸು.

ಸಾರ್ ರಾತ್ರಿಯಿಡೀ ಕೂತು ನಾಲ್ಕೂ ಡೇಟಾಬೇಸ್ ಒಪ್ಪುವ ಪರಿಹಾರ ಹುಡುಕಿದರು: ಸರ್‌ನೇಮ್ ಇಲ್ಲದವರಿಗೆಲ್ಲ ಒಂದೊಂದು ಚುಕ್ಕೆ. ಇನ್ನು ಮೇಲೆ ನಿಮ್ಮ ಬಿಲ್ಲಿನಲ್ಲಿ ಹೆಸರಿನ ಕೊನೆಗೆ ಒಂಟಿ ಚುಕ್ಕೆ ಕಂಡರೆ ಕೌಂಟರಿನವರನ್ನು ಬೈಯಬೇಡಿ. ಪಾಪ, ಅವರಿಗೆ ಇದರ ಗಂಧಗಾಳಿಯೂ ಗೊತ್ತಿರುವುದಿಲ್ಲ.