ಪರಿವರ್ತನರಾಯರು

ಪವಾಯಿ ಕೆರೆಯ ದಂಡೆ ಬಿಟ್ಟು ಹೀರಾನಂದಾನಿ ಗಾರ್ಡನ್ಸ್‌ನ ಗ್ರೀಕ್ ಕಂಬಗಳ ಕಡೆ ತಿರುಗಿದರೆ, ಆ ಕಂಬಗಳ ಹಿಂದಿನ ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಪರಿವರ್ತನರಾಯರು ಸಿಗುತ್ತಾರೆ. ಹೆಸರು ನಾನಿಟ್ಟದ್ದು, ತಳಿ ಮಾತ್ರ ಅಸಲಿ. ಮೂಲ ಊರು ಕುಂದಾಪುರವಿರಬಹುದು, ಹುಬ್ಬಳ್ಳಿಯಿರಬಹುದು. ಮುಂಬೈಗೆ ಬಂದು ಡೊಂಬಿವಲಿ ಲೋಕಲ್ಲಿನ ಬಾಗಿಲಲ್ಲಿ ಒಂದಿಷ್ಟು ವರ್ಷ ಜೋತುಬಿದ್ದು, ಈಗ ಕಂಪನಿಯಲ್ಲಿ ‘ಹೆಡ್, ಟ್ರಾನ್ಸ್‌ಫರ್ಮೇಶನ್’. ಕೊರಳಲ್ಲಿ ಐಡಿ ಕಾರ್ಡು, ಕಿವಿಯಲ್ಲಿ ಬಿಳಿ ಇಯರ್‌ಬಡ್ಸ್, ಬಾಯಲ್ಲಿ ಸದಾ ‘ಜರ್ನಿ’. ರಾಯರಿಗೆ ಇದಕ್ಕಿಂತ ಒಗ್ಗುವ ಜಾಗ ಬೇರೆ ಸಿಗದು. 1958ರಲ್ಲಿ ಶುರುವಾದ ಐಐಟಿ ಇರುವುದು ಇಲ್ಲಿ. 1963ರ ಎನ್‌ಐಟಿಐಇ ಇರುವುದೂ ಇಲ್ಲೇ, ಅದು 2023ರಲ್ಲಿ ಬೋರ್ಡು ಬದಲಿಸಿಕೊಂಡು ಐಐಎಂ ಮುಂಬೈ ಆಯಿತು. ಬದಲಾವಣೆಯನ್ನು ಕಲಿಸುವವರು, ಕಲಿತು ಬಂದವರು, ಅದರ ಕೈಗೆ ಸಿಕ್ಕಿದವರು ಎಲ್ಲರೂ ಸಂಜೆ ಏಳಕ್ಕೆ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡಿನ ಒಂದೇ ಟ್ರಾಫಿಕ್ಕಿನಲ್ಲಿ ನಿಂತಿರುತ್ತಾರೆ.

ರಾಯರು ರಂಗಕ್ಕಿಳಿಯುವುದು ಟೌನ್‌ಹಾಲಿನಲ್ಲಿ, ಅಂದರೆ ನೌಕರರೆಲ್ಲರ ಸಭೆಯಲ್ಲಿ. ಮೊದಲ ಸ್ಲೈಡಿನಲ್ಲಿ ಕಂಬಳಿಹುಳು, ಕೊನೆಯದರಲ್ಲಿ ಚಿಟ್ಟೆ. ಎಷ್ಟು ಹುಳು ಚಿಟ್ಟೆಯಾಗಲಿವೆ ಎಂಬ ಲೆಕ್ಕ ಮಾತ್ರ ಯಾವ ಸ್ಲೈಡಿನಲ್ಲೂ ಇಲ್ಲ. ಆಮೇಲೆ ‘ನೂರಕ್ಕೆ ಎಪ್ಪತ್ತು ಬದಲಾವಣೆಗಳು ಸೋಲುತ್ತವೆ’ ಎಂಬ ಪ್ರಸಿದ್ಧ ಅಂಕಿ ಬರುತ್ತದೆ. ಬ್ರೈಟನ್ ವಿಶ್ವವಿದ್ಯಾಲಯದ ಮಾರ್ಕ್ ಹ್ಯೂಸ್ ಈ ಅಂಕಿಯ ಬೇರು ಹುಡುಕಿ ಹೊರಟು, ನಂಬುವಂಥ ಪುರಾವೆ ಯಾವುದೂ ಸಿಗಲಿಲ್ಲವೆಂದು 2011ರಲ್ಲೇ ಬರೆದರು. ರಾಯರ ಸ್ಲೈಡಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಮುಂದಿನದು ಒಂದು ಡೊಂಕು ಗೆರೆ: ಮೊದಲು ನಿರಾಕರಣೆ, ಆಮೇಲೆ ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ ಸಾವು ಹತ್ತಿರವಾದ ರೋಗಿಗಳನ್ನು ಮಾತಾಡಿಸಿ 1969ರಲ್ಲಿ ಗುರುತಿಸಿದ ಹಂತಗಳಿವು. ಹೊಸ ಸಾಫ್ಟ್‌ವೇರ್ ಬರುತ್ತಿದೆ ಎಂದು ಹೇಳುವುದಕ್ಕೆ ಕಂಪನಿಗಳು ಇವನ್ನು ಎರವಲು ತಂದವು. ಹಾಗೆ ನೋಡಿದರೆ ಇಡೀ ಭಾಷಣದಲ್ಲಿ ಪ್ರಾಮಾಣಿಕವಾದದ್ದು ಈ ಸ್ಲೈಡೊಂದೇ. ಕೊನೆಗೆ ಹಿಂದಿನ ಸಾಲಿನಿಂದ ಒಂದು ದನಿ: “ಸರ್, ನಮ್ಮ ಟೀಮ್ ಐರೋಲಿಗೆ ಶಿಫ್ಟ್ ಆಗುತ್ತಂತೆ, ಹೌದಾ?” ರಾಯರ ಮುಖ ಅರಳುತ್ತದೆ. “ವೆರಿ ಗುಡ್ ಕ್ವೆಶ್ಚನ್. ಇದನ್ನು ಆಫ್‌ಲೈನ್ ಮಾತಾಡೋಣ.” ಆಫ್‌ಲೈನಿನಲ್ಲಿ ರಾಯರು ಸಿಗುವುದಿಲ್ಲ. ಅಸಲು ಸುದ್ದಿಯನ್ನು ಹೀಗೆ ಹಿಂದೆ ತಳ್ಳುವುದೇನೂ ಪವಾಯಿಯ ಸ್ವಂತ ಶೋಧವಲ್ಲ. 2014ರ ಜುಲೈಯಲ್ಲಿ ಮೈಕ್ರೋಸಾಫ್ಟ್‌ನ ಸ್ಟೀಫನ್ ಎಲೋಪ್ ತಮ್ಮ ವಿಭಾಗದ ನೌಕರರಿಗೆ ‘ಹಲೋ ದೇರ್’ ಎಂದು ಸಲುಗೆಯಿಂದ ಶುರುಮಾಡಿದ ಪತ್ರದಲ್ಲಿ, ಸುಮಾರು 12,500 ಮಂದಿಯ ಕೆಲಸ ಹೋಗುತ್ತದೆಂಬ ಮಾತು ಬಂದದ್ದು ಹನ್ನೊಂದನೆಯ ಪ್ಯಾರಾದಲ್ಲಿ.

ಇಂಥವರಿಗೆ ಹೇಳುವ ಕಲೆ ಬಾರದು, ಕಲಿಸಬೇಕು ಎಂಬುದು ವಾಡಿಕೆಯ ಚಿಕಿತ್ಸೆ. ಅದಕ್ಕೇ ವರ್ಷಕ್ಕೊಮ್ಮೆ ರಾಯರನ್ನು ಲೋನಾವಳದ ರಿಸಾರ್ಟಿಗೆ ಕಳಿಸಿ, ಸಂವಹನ ಕಾರ್ಯಾಗಾರದಲ್ಲಿ ಚೆಂಡು ಎಸೆದಾಡಿಸುತ್ತಾರೆ. ರೋಗವನ್ನೇ ತಪ್ಪು ಗುರುತಿಸಿದ್ದಾರೆ ಎಂಬುದು ನನ್ನ ವಾದ. ಸಾಕ್ಷಿ ರಾಯರ ಮನೆಯ ಕೆಳಗೇ ಇದೆ. ರಾಯರು ತಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಲಿಫ್ಟಿನ ಪಕ್ಕದ ಗಾಜಿನ ಬೋರ್ಡಿನೊಳಗೆ ಅವರ ಸಹಿಯ ಚೀಟಿಯಿದೆ: ‘ಟ್ಯಾಂಕ್ ಸ್ವಚ್ಛತೆ. ಗುರುವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿ ವಿಂಗ್‌ಗೆ ನೀರು ಇಲ್ಲ. ಬುಧವಾರ ರಾತ್ರಿಯೇ ತುಂಬಿಸಿಕೊಳ್ಳಿ. ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ.’ ಏನು, ಯಾವಾಗ, ಯಾರಿಗೆ, ಎಷ್ಟು ಹೊತ್ತು, ನಾವು ಮಾಡಬೇಕಾದ್ದೇನು, ಕೇಳಬೇಕಾದ್ದು ಯಾರನ್ನು? ಎಲ್ಲವೂ ಐದಾರು ಸಾಲಿನಲ್ಲಿ ಬಂತು. ಇದರಲ್ಲಿ ಕಂಬಳಿಹುಳುವಿಲ್ಲ, ‘ನೀರಿಲ್ಲದ ನಾಳೆಯ ಕಡೆಗೆ ನಮ್ಮ ಜರ್ನಿ’ ಇಲ್ಲ. ಕೈ ಅದೇ, ತಲೆ ಅದೇ. ಬೇರೆಯಾದದ್ದು ಓದುಗ. ನಲ್ಲಿಯಲ್ಲಿ ನೀರು ಬಾರದಿದ್ದರೆ ಬಿ ವಿಂಗಿನ ಆಂಟಿಯೊಬ್ಬರು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ರಾಯರ ಬಾಗಿಲು ತಟ್ಟುತ್ತಾರೆ. ಚುನಾವಣೆ ಬಂದಾಗ ಕಮಿಟಿಯಿಂದ ಇಳಿಸುತ್ತಾರೆ. ಟೌನ್‌ಹಾಲಿನಲ್ಲಿ ಕೂತವರಿಗೆ ರಾಯರನ್ನು ಇಳಿಸುವ ಅಧಿಕಾರವಿಲ್ಲ. ಎದುರು ಕೂತವನಿಗೆ ಉತ್ತರ ಕೊಡಲೇಬೇಕು ಎಂದಿದ್ದಾಗ ಮನುಷ್ಯ ತಾನಾಗಿ ಸ್ಪಷ್ಟವಾಗುತ್ತಾನೆ, ಬೇಕಿಲ್ಲದಾಗ ಚಿಟ್ಟೆಯ ಚಿತ್ರ ಹುಡುಕುತ್ತಾನೆ.

ಈ ಗುಟ್ಟು ನಮ್ಮ ಕಾನೂನಿಗೆ ಮೊದಲೇ ಗೊತ್ತಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ವಿಧಿಯ ಪ್ರಕಾರ ಕಾರ್ಮಿಕರ ಸಂಬಳ, ಕೆಲಸದ ಹೊತ್ತು, ಪಾಳಿ, ರಜೆಯಂಥ ವಿಷಯಗಳಲ್ಲಿ ಬದಲಾವಣೆ ತರುವ ಮಾಲೀಕ, ಏನು ಬದಲಾಗುತ್ತದೆಂದು ಬರೆದು ನೋಟಿಸ್ ಕೊಡಬೇಕಿತ್ತು. ಕೊಟ್ಟ 21 ದಿನದೊಳಗೆ ಅದನ್ನು ಜಾರಿಮಾಡುವಂತಿರಲಿಲ್ಲ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ 21 ದಿನ ಉಳಿದುಕೊಂಡಿದೆ. ಪ್ರೇರಣೆ, ಉತ್ಸಾಹ, ಕನಸುಗಳ ಬಗ್ಗೆ ಕಾನೂನು ಮೌನವಾಗಿದೆ. ಆದರೆ ಮ್ಯಾನೇಜರ್ ವರ್ಗ ‘ಕಾರ್ಮಿಕ’ ಎಂಬ ವ್ಯಾಖ್ಯೆಯ ಹೊರಗಿದೆ, ಪವಾಯಿಯಲ್ಲಿ ವಿಸಿಟಿಂಗ್ ಕಾರ್ಡು ಇರುವವರೆಲ್ಲ ಒಂದಲ್ಲ ಒಂದು ಬಗೆಯ ಮ್ಯಾನೇಜರ್‌ಗಳು. ಹುದ್ದೆಯ ಹೆಸರು ನೋಡಬೇಡಿ, ಮಾಡುವ ಕೆಲಸ ನೋಡಿ ಎಂದು ನ್ಯಾಯಾಲಯಗಳು ಹೇಳಿವೆ ನಿಜ. ಆದರೆ ಮನೆ ಸಾಲದ ಕಂತು ತಲೆಯ ಮೇಲಿರುವಾಗ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು?

ರಾಯರ ಪರವಾಗಿಯೂ ಮಾತಿದೆ, ಅದನ್ನು ಕೇಳದಿರುವುದು ಅನ್ಯಾಯ. ಷೇರುಪೇಟೆಯಲ್ಲಿರುವ ಕಂಪನಿ ಎಲ್ಲವನ್ನೂ ಮೊದಲೇ ಹೇಳುವಂತಿಲ್ಲ. ಒಳಸುದ್ದಿ ಹಿಡಿದು ಷೇರು ವ್ಯವಹಾರ ಮಾಡುವುದನ್ನು ತಡೆಯಲು ಸೆಬಿಯ 2015ರ ನಿಯಮಗಳಿವೆ. ಕಂಪನಿಯನ್ನೇ ಮಾರುವ ಮಾತುಕತೆಯಾದರೆ ಈ ಸಬೂಬು ಒಪ್ಪತಕ್ಕದ್ದೇ. ಆದರೆ ಕಾಂಜೂರ್‌ಮಾರ್ಗ್ ಸ್ಟೇಷನ್ನಿನಿಂದ ಬರುವ ಕಂಪನಿ ಬಸ್ಸು ನಿಲ್ಲುತ್ತದೆಯೇ ಎಂದು ಹೇಳಿದರೆ ಯಾವ ಷೇರೂ ಕುಸಿಯುವುದಿಲ್ಲ. ನೇರವಾಗಿ ಹೇಳಿದರೆ ಜನ ಗಾಬರಿಯಾಗುತ್ತಾರೆ, ಒಳ್ಳೆಯವರೇ ಮೊದಲು ಬಿಟ್ಟುಹೋಗುತ್ತಾರೆ ಎಂಬುದು ಇನ್ನೊಂದು ವಾದ. ಸುದ್ದಿ ರಾಯರ ಬಾಯಿಂದ ಬರುವವರೆಗೆ ಯಾರಿಗೂ ತಿಳಿಯದು ಎಂಬ ನಂಬಿಕೆಯ ಮೇಲೆ ಈ ವಾದ ನಿಂತಿದೆ. ಮುಂದಿನ ತಿಂಗಳಿನಿಂದ ಎಷ್ಟು ಊಟ ಕಡಿಮೆ ಎಂದು ಕ್ಯಾಂಟೀನ್ ಕಂತ್ರಾಟುದಾರನಿಗೆ ಎಂದೋ ಹೇಳಿಯಾಗಿರುತ್ತದೆ. ರಟ್ಟಿನ ಪೆಟ್ಟಿಗೆ ತರಿಸಲು ಹೌಸ್‌ಕೀಪಿಂಗ್‌ಗೆ ಮೇಲ್ ಹೋಗಿರುತ್ತದೆ. ಉಪ್ಪಿಟ್ಟು ಬಡಿಸುವ ಹುಡುಗನಿಗೆ ತಿಳಿದದ್ದನ್ನು ಉಪಾಧ್ಯಕ್ಷರು ಗುಟ್ಟಾಗಿಟ್ಟರೆ ಗಾಬರಿ ತಗ್ಗುವುದಿಲ್ಲ, ಮರ್ಯಾದೆ ಹೋಗುತ್ತದೆ. ಮೂರನೆಯ ಸಮಾಧಾನ, ಪಾಪ ರಾಯರಿಗೇ ಗೊತ್ತಿರುವುದಿಲ್ಲ, ಮೇಲಿನವರು ಹೇಳಿರುವುದಿಲ್ಲ ಎಂಬುದು. ಎಷ್ಟೋ ಸಲ ಇದೇ ನಿಜ. ಹಾಗಿದ್ದರೆ ‘ನನಗೆ ಗೊತ್ತಿಲ್ಲ, 15ನೇ ತಾರೀಖಿಗೆ ಹೇಳುತ್ತೇನೆ’ ಎನ್ನಬಹುದಲ್ಲ? ನೀರಿನ ಟ್ಯಾಂಕರ್ ತಡವಾದಾಗ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರು ಬರೆಯುವುದು ಇದನ್ನೇ.

ಆದ್ದರಿಂದ ಲೋನಾವಳದ ಖರ್ಚು ಉಳಿಸಿ, ಆಫೀಸಿನಲ್ಲೂ ಉತ್ತರ ಕೇಳುವವರಿಗೆ ಒಂದು ಹಕ್ಕು ಕೊಟ್ಟು ನೋಡಬೇಕು. ಪ್ರತಿ ಪ್ರಶ್ನೆಗೂ ಇಷ್ಟು ದಿನದಲ್ಲಿ ಲಿಖಿತ ಉತ್ತರ ಎಂಬ ನಿಯಮ ಬಂದರೂ ಅರ್ಧದಷ್ಟು ಸ್ಲೈಡುಗಳು ತಾವಾಗಿ ಉದುರುತ್ತವೆ. ಅಲ್ಲಿಯವರೆಗೆ ರಾಯರ ನಿಜವಾದ ನಾಯಕತ್ವ ನೋಡಬೇಕೆನ್ನುವವರು ಅವರ ಸೊಸೈಟಿಯ ವಾರ್ಷಿಕ ಮಹಾಸಭೆಗೆ ಹೋಗಲಿ. ಅದನ್ನು ಸೆಪ್ಟೆಂಬರ್ 30ರೊಳಗೆ ನಡೆಸಲೇಬೇಕು, 14 ದಿನ ಮೊದಲೇ ನೋಟಿಸ್ ಬರುತ್ತದೆ.